ಬನ್ನಿಯಣ್ಣ ಮತ್ತು ಭಾವನ ಕುರ್ಚಿ

ಕ್ಷೌರದಂಗಡಿಯ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಸರಿ, ಅವನ ಬಾಯಿಂದ ಬರುವ ಮೊದಲ ಮಾತು "ಬನ್ನಿ ಬನ್ನಿ!" ಗಡ್ಡ ಬೋಳಿಸಲು ಬಂದವನಿಗೂ ಬನ್ನಿ, ದಾರಿ ಕೇಳಲು ಬಂದವನಿಗೂ ಬನ್ನಿ, ಕರೆಂಟಿನ ಮೀಟರು ನೋಡಲು ಬಂದವನಿಗೂ ಬನ್ನಿ. ಒಂದು ಸಲ ಬೀದಿ ನಾಯಿ ಹೊಸ್ತಿಲಲ್ಲಿ ನಿಂತಿದ್ದಾಗ ತಲೆಯನ್ನೂ ಎತ್ತದೆ "ಬನ್ನಿ, ಕೂತ್ಕೊಳಿ, ಐದೇ ನಿಮಿಷ" ಅಂದುಬಿಟ್ಟನಂತೆ. ನಾಯಿಯೂ ಮರ್ಯಾದಸ್ಥ ನಾಯಿ, ಬೆಂಚಿನ ಕೆಳಗೆ ಹೋಗಿ ತನ್ನ ಸರದಿಗೆ ಕಾಯುತ್ತಾ ಕೂತಿತಂತೆ. ಅವತ್ತಿನಿಂದ ಬೀದಿಯವರೆಲ್ಲ ಅವನನ್ನು ಕರೆಯುವುದೇ ಬನ್ನಿಯಣ್ಣ ಎಂದು. ಕೋಪ ಬಂದಾಗ ಅವನ ಹೆಂಡತಿ ಕರೆಯುವುದೂ ಅದೇ ಹೆಸರಿನಿಂದ.

ಅವನ ಕೈಯಲ್ಲಿ ಕತ್ತರಿ ಆಡುತ್ತಿದ್ದ ಹಾಗೆ ಬಾಯಲ್ಲಿ ಮಾತು ಆಡುತ್ತಿತ್ತು. ಆದರೆ ಅದು ತಲೆ ತಿನ್ನುವ ಮಾತಲ್ಲ. ಎದುರಿಗಿದ್ದವರ ಮುಖ ನೋಡಿ, ಎಷ್ಟು ಬೇಕೋ ಅಷ್ಟು. ಕೆಲಸ ಸಿಗದೆ ಅಲೆಯುತ್ತಿದ್ದ ಹುಡುಗ ಬಂದರೆ ಕೆಲಸದ ಮಾತೇ ಎತ್ತುತ್ತಿರಲಿಲ್ಲ. "ಈ ಕಡೆ ಕ್ರಾಪು ಸ್ವಲ್ಪ ಎತ್ತಿ ಬಿಡ್ಲಾ? ನಿನ್ನ ಹಣೆ ಚೆನ್ನಾಗಿದೆ, ಯಾಕೆ ಮುಚ್ಚಿಡ್ತೀಯ?" ಎನ್ನುತ್ತಿದ್ದ. ಹುಡುಗ ಎದ್ದು ಹೋಗುವಾಗ ಬಂದದ್ದಕ್ಕಿಂತ ಎರಡಂಗುಲ ಎತ್ತರವಾಗಿರುತ್ತಿದ್ದ. ನೆತ್ತಿ ಪೂರ್ತಿ ಬೋಳಾಗಿದ್ದ ಪೇಂಟರು ಕೂತರೆ, "ಅಣ್ಣಾ, ನಿಮ್ಮ ತಲೇಲಿ ಕತ್ತರಿಸೋ ಕೆಲಸ ಕಮ್ಮಿ, ಹುಡುಕೋ ಕೆಲಸಾನೇ ಜಾಸ್ತಿ" ಎನ್ನುತ್ತಿದ್ದ. ಪೇಂಟರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಬೇರೆ ಯಾರಾದರೂ ಅಂದಿದ್ದರೆ ಬ್ರಷ್ಷು ಎತ್ತಿ ಮುಖಕ್ಕೇ ಬಳಿಯುತ್ತಿದ್ದ.

ಇಷ್ಟೆಲ್ಲ ಇದ್ದ ಅಂಗಡಿಯಲ್ಲಿ ಕುರ್ಚಿ ಇದ್ದದ್ದು ಎರಡು. ಬಾಗಿಲ ಬದಿಯದು ಬನ್ನಿಯಣ್ಣನದು. ಒಳಗಿನದು ಭಾವನದು.

ಭಾವ ಎಂದರೆ ಅವನ ಅಕ್ಕನ ಗಂಡ. ಅಂಗಡಿ ಅವರದೇ. ಬನ್ನಿಯಣ್ಣನಿಗೆ ಮೀಸೆ ಮೂಡುವ ಮೊದಲೇ ಅವನ ಕೈಗೆ ಬಾಚಣಿಗೆ ಕೊಟ್ಟು, ಸೋರೆಕಾಯಿಗೆ ಸೋಪಿನ ನೊರೆ ಹಚ್ಚಿ, "ಸಿಪ್ಪೆಗೆ ಗೀರು ಬೀಳಬಾರದು, ನೊರೆ ಮಾತ್ರ ಬರ್ಬೇಕು" ಎಂದು ಕತ್ತಿ ಹಿಡಿಯಲು ಕಲಿಸಿದವರು. ಕೈಯೋ, ಬಂಗಾರದ ಕೈ. ಬಾಯೋ, ಬೀಗ ಹಾಕಿದ ಬಾಯಿ. ಗಿರಾಕಿ ಕೂತರೆ ಬಟ್ಟೆ ಹೊದಿಸಿ "ಹೇಗೆ?" ಎನ್ನುತ್ತಿದ್ದರು. ಮುಗಿದ ಮೇಲೆ ಕನ್ನಡಿ ಹಿಡಿದು "ಸರೀನಾ?" ಎನ್ನುತ್ತಿದ್ದರು. ಈ ಎರಡು ಮಾತಿನ ನಡುವೆ ಫ್ಯಾನು ತಿರುಗುವುದು ಬಿಟ್ಟರೆ ಬೇರೆ ಸದ್ದಿಲ್ಲ. ಸಿಡುಕಿನ ಮನುಷ್ಯ ಅಲ್ಲವೇ ಅಲ್ಲ. ಮಾತು ಅವರಿಗೆ ಸುಲಭಕ್ಕೆ ಹತ್ತಿರ ಬರುತ್ತಿರಲಿಲ್ಲ, ಅಷ್ಟೇ. ಆದರೆ ಬೆಂಚಿನ ಮೇಲೆ ಕೂತವನಿಗೆ ಅದು ಹೇಗೆ ಗೊತ್ತಾಗಬೇಕು? ಹುಬ್ಬು ಗಂಟಿಕ್ಕಿ ನಿಂತ ಆಳು ಮಾತ್ರ ಕಾಣುತ್ತಿತ್ತು.

ಹಾಗಾಗಿ ದಿನವೂ ಒಂದೇ ಆಟ. ಬೆಂಚು ತುಂಬಿರುತ್ತಿತ್ತು, ಒಳಗಿನ ಕುರ್ಚಿ ಖಾಲಿ. ಭಾವ ಕುರ್ಚಿಯ ಬೆನ್ನು ತಟ್ಟಿ "ಹ್ಞೂಂ" ಎಂದರೆ, ಸರದಿಯವನು ಕಾಲು ನೀವಿಕೊಳ್ಳುತ್ತಾ, "ಪರವಾಗಿಲ್ಲ, ಅವಸರ ಇಲ್ಲ, ಅವರಿಗೇ ಕಾಯ್ತೀನಿ" ಎನ್ನುತ್ತಿದ್ದ. ಭಾವ ತಲೆಯಾಡಿಸಿ ತಿರುಗಿ, ಒರೆಸಿದ ಕತ್ತರಿಯನ್ನೇ ಮತ್ತೆ ಒರೆಸುತ್ತಿದ್ದರು. ಅವರ ಕತ್ತರಿಗಳಷ್ಟು ಹೊಳೆಯುವ ಕತ್ತರಿಗಳು ಆ ಊರಲ್ಲೇ ಇರಲಿಲ್ಲ.

ಬನ್ನಿಯಣ್ಣ ಇದನ್ನು ಕಂಡೂ ಕಾಣದವನ ಹಾಗೆ ಇದ್ದ. ಕಂಡರೆ ಏನಾದರೂ ಅನ್ನಬೇಕಾಗುತ್ತದೆ. ಭಾವನಿಗೆ ಏನಾದರೂ ಅನ್ನುವುದು ಅವನ ಜನ್ಮದಲ್ಲಿ ಆಗದ ಕೆಲಸ. ಬೀದಿಗೆಲ್ಲ ಮಾತು ಹಂಚುವ ಈ ಆಸಾಮಿ ಭಾವ ಒಳಗೆ ಬಂದ ಕೂಡಲೇ ನೆಟ್ಟಗಾಗಿ, ದಾರಿ ಬಿಟ್ಟು, ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಳ್ಳುತ್ತಿದ್ದ. "ಹೌದು ಭಾವ", "ಇಲ್ಲ ಭಾವ", "ಕ್ರೀಮು ಮುಗೀತು ಭಾವ". ಇಷ್ಟೇ ಅವರ ಸಂಭಾಷಣೆ. ಗುರು, ಹಿರಿಯ, ಅಕ್ಕನ ಗಂಡ. ಅವರೆದುರು ಹಲ್ಲು ಬಿಟ್ಟು ಮಾತಾಡುವುದೆಂದರೇನು?

ಒಂದು ಬುಧವಾರ, ಅಂಗಡಿಗೆ ರಜಾ ದಿನ, ಅವನು ಮೇಲಿನ ಮಹಡಿಗೆ ನೀರಿನ ಪೈಪು ರಿಪೇರಿಗೆಂದು ಹೋದ. ಮೇಲೆ ಅಕ್ಕ ಭಾವ, ಕೆಳಗೆ ಅವನು ಮತ್ತು ಹೆಂಡತಿ, ಹೀಗೆ ಒಂದೇ ಮನೆಯಲ್ಲಿ ಅವರ ವಾಸ. ಅಕ್ಕ ಬಟ್ಟೆ ಹಿಂಡುತ್ತಿದ್ದಳು. ಹಿಂಡುತ್ತಿದ್ದ ರಭಸ ನೋಡಿಯೇ ಅವನಿಗೆ ಅನುಮಾನ ಬಂತು, ಆ ಟವೆಲಿನ ಜಾಗದಲ್ಲಿ ತನ್ನ ಕತ್ತು ಇದೆ ಎಂದು.

"ಏನಕ್ಕಾ, ಟವೆಲ್ಲು ಏನು ತಪ್ಪು ಮಾಡ್ತು?"

"ಆಡು, ಆಡು. ಊರಿಗೆ ಉಪಕಾರಿ, ಮನೆಗೆ ಮಾರಿ. ನಿಮ್ಮ ಭಾವ ಸೋಮವಾರದಿಂದ ಅಂಗಡಿಗೆ ಬರಲ್ಲ, ಗೊತ್ತಾ?"

"ಯಾಕೆ? ಹುಷಾರಿಲ್ವಾ?"

"ಹುಷಾರಾಗೇ ಇದಾರೆ. ದೊಡ್ಡಾಸ್ಪತ್ರೇಲಿ ಕೆಲಸಕ್ಕೆ ಸೇರ್ಕೋತಾರಂತೆ. ಆಪರೇಷನ್ನಿಗೆ ಮುಂಚೆ ರೋಗಿಗಳ ಕೂದಲು ತೆಗೀಬೇಕಂತೆ. 'ಅಲ್ಲಿ ಮಲಗಿರೋರು ಇನ್ನೊಬ್ರಿಗೆ ಕಾಯ್ತೀನಿ ಅನ್ನಲ್ಲ' ಅಂದ್ರು. ಅನ್ನೋವಾಗ ನಗ್ತಿದ್ರು ಕಣೋ. ಆ ನಗು ನೋಡಿ ನನ್ನ ಕರುಳು ಕಿವುಚಿದ ಹಾಗಾಯ್ತು."

ಅವನ ಕೈಯಲ್ಲಿದ್ದ ಸ್ಪ್ಯಾನರು ಹಾಗೇ ನಿಂತಿತು.

"ಇರೋದೇ ನಾಲ್ಕು ಮಾತಿನ ಮನುಷ್ಯ," ಅಕ್ಕ ಟವೆಲು ಕೊಡವಿದಳು. "ಅಲ್ಲಿ ಅರ್ಧ ಎಚ್ಚರ ಇರೋ ಜನದ ಮಧ್ಯ ಸೇರಿದ್ರೆ ಆ ನಾಲ್ಕೂ ಹೋಗತ್ತೆ. ಆಮೇಲೆ ನಾನು ಗೋಡೆ ಜೊತೆ ಸಂಸಾರ ಮಾಡ್ಬೇಕು. ಏನಾದ್ರೂ ಮಾಡೋ. ಊರವರನ್ನೆಲ್ಲ ಒಳಗೆ ಕರೀತೀಯಲ್ಲ, ಒಬ್ಬರನ್ನ ಹೊರಗೆ ಹೋಗದ ಹಾಗೆ ತಡೆಯೋಕಾಗಲ್ವಾ?"

ಬನ್ನಿಯಣ್ಣ ಮಾರನೆಯ ದಿನವೇ ಕಾರ್ಯಾಚರಣೆ ಶುರು ಮಾಡಿದ. ಬೆಂಚಿನ ಮೇಲಿದ್ದ ಬೇಕರಿಯವನಿಗೆ ದೊಡ್ಡ ದನಿಯಲ್ಲಿ, "ಒಳಗಿನ ಕುರ್ಚಿಗೆ ಹೋಗಿ ಅಣ್ಣಾ. ನನಗೆ ಕೆಲಸ ಕಲಿಸಿದ್ದೇ ಅವರು. ನನ್ನಂಥೋರು ಹತ್ತು ಜನ ಬಂದ್ರೂ ಅವರ ಕೈ ಬರಲ್ಲ" ಎಂದ. ಬೇಕರಿಯವನು ಮುಖ ಸಣ್ಣ ಮಾಡಿಕೊಂಡು, "ಯಾಕೆ, ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಎಂದು ಕೇಳಿದ. ಒಲ್ಲದ ಮದುವೆಗೆ ಹೊರಟವನ ಹಾಗೆ ಎದ್ದು ಹೋಗಿ ಒಳಗೆ ಕೂತ. ಭಾವ ಅವನಿಗೆ ಬಟ್ಟೆ ಹೊದಿಸಿದರು, ಕೂದಲು ಕತ್ತರಿಸಿದರು, ಚೆನ್ನಾಗಿಯೇ ಕತ್ತರಿಸಿದರು. ಆದರೆ ಅವನು ಹೋದ ಮೇಲೆ ಕಿವಿ ತುದಿ ಕೆಂಪಗೆ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಒಂದೇ ಮಾತು: "ಇನ್ನೊಂದ್ಸಲ ನನಗೋಸ್ಕರ ಗಿರಾಕಿಗಳನ್ನ ಬೇಡ್ಕೋಬೇಡ."

ಗಾಯಕ್ಕೆ ಮುಲಾಮು ಹಚ್ಚಲು ಹೋಗಿ ಉಪ್ಪು ಹಚ್ಚಿದ್ದಾಯಿತು.

ಶುಕ್ರವಾರ ಎರಡನೆಯ ಉಪಾಯ. ತನ್ನ ಮಾತಿನಿಂದಲ್ಲವೇ ತೊಂದರೆ? ಬಾಯಿ ಮುಚ್ಚಿದರೆ ಆಯಿತು. ಮುಖ ಬಿಗಿದುಕೊಂಡು, ಯಾರು ಬಂದರೂ ಬರೀ "ಹ್ಞೂಂ" ಎನ್ನುತ್ತಾ ನಿಂತ. ಜನ ಬೇಸತ್ತು ಒಳಗಿನ ಕುರ್ಚಿಗೆ ಹೋಗುತ್ತಾರೆ ಎಂಬ ಲೆಕ್ಕಾಚಾರ. ಆದದ್ದೇ ಬೇರೆ. ಪೇಂಟರು ಬೀದಿಯಲ್ಲೆಲ್ಲ ಡಂಗುರ ಸಾರಿದ: ಬನ್ನಿಯಣ್ಣನ ಬಾಯಿ ಬಿದ್ದುಹೋಗಿದೆ! ಕೂದಲು ಕತ್ತರಿಸಿಕೊಂಡು ವಾರವೂ ಆಗದವರು ಮತ್ತೆ ಬಂದು ಬೆಂಚು ತುಂಬಿದರು. ಒಬ್ಬಳು ಅಜ್ಜಿ ಗಂಟಲ ನೋವಿಗೆ ಕಷಾಯ ತಂದಿಟ್ಟು ಹೋದಳು. ನಿವೃತ್ತ ಬಸ್ ಡ್ರೈವರು ಅವನ ಗಲ್ಲ ಹಿಡಿದು, "ಹಲ್ಲು ನೋವಾ? ಮನೇಲಿ ಜಗಳಾನಾ? ಬಾಯಿ ಬಿಡು ನೋಡೋಣ" ಎಂದು ಹಾರ್ನು ಹೊಡೆದ ಹಾಗೆ ಕಿರುಚಿದರು. ಮಧ್ಯಾಹ್ನದ ಹೊತ್ತಿಗೆ ಬೆಂಚಿನಲ್ಲಿ ಜಾಗ ಸಾಲದೆ ಜನ ಮೆಟ್ಟಿಲ ಮೇಲೆ ಕೂತಿದ್ದರು.

ಊಟಕ್ಕೆ ಬಂದಾಗ ಹೆಂಡತಿ ತಟ್ಟೆ ಇಟ್ಟು ನಕ್ಕಳು. "ಮಾತಾಡಿದ್ರೂ ಜಾತ್ರೆ, ಸುಮ್ನಿದ್ರೂ ಜಾತ್ರೆ. ರೀ, ನಿಮ್ಮಿಂದ ಆಗದ ಕೆಲಸ ಬಿಡಿ. ಭಾವನ ಹತ್ರಾನೇ ಹೋಗಿ, 'ಹೋಗ್ಬೇಡಿ' ಅನ್ನಿ."

"ಅವರೆದುರು ಮಾತು ಹೊರಡಲ್ಲ ಕಣೆ."

"ಗೊತ್ತು ಬಿಡಿ. ನಮ್ಮಪ್ಪನ ಎದುರೂ ಹೀಗೇ ನಿಂತಿದ್ರಿ. ಪಾಪ ಅವರು, ಹುಡುಗ ಮೂಗ ಇರ್ಬೇಕು, ಮಗಳಿಗೆ ನೆಮ್ಮದಿ ಅಂದ್ಕೊಂಡು ಒಪ್ಪಿದ್ದು."

ಶನಿವಾರ ಮಧ್ಯಾಹ್ನ. ಗಿರಾಕಿಗಳಿಲ್ಲದ ಹೊತ್ತು. ಶಟರು ಅರ್ಧ ಎಳೆದು ಭಾವ ತಮ್ಮ ಸಾಮಾನನ್ನು ಒಂದೊಂದಾಗಿ ಪೆಟ್ಟಿಗೆಗೆ ಇಡುತ್ತಿದ್ದರು. ಬನ್ನಿಯಣ್ಣ ಕಸ ಗುಡಿಸುತ್ತಿದ್ದ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ. ಕೊನೆಗೆ ಪೊರಕೆಗೆ ಹೇಳುವವನ ಹಾಗೆ, ತಲೆ ಬಗ್ಗಿಸಿಕೊಂಡೇ, "ಹೋಗ್ಬೇಡಿ ಭಾವ" ಎಂದ.

ಭಾವ ಪೆಟ್ಟಿಗೆ ಮುಚ್ಚಲಿಲ್ಲ.

"ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಕಪಾಳಕ್ಕೆ ಬಾರಿಸಿ. ಜನ ನನ್ನ ಕುರ್ಚಿಗೇ ಕಾಯ್ತಾರೆ ಅಂದ್ರೆ ನಾನು ಇನ್ನೊಂದು ಕಡೆ ಅಂಗಡಿ ನೋಡ್ಕೋತೀನಿ. ಇದು ನಿಮ್ಮದು."

"ಹುಚ್ಚಪ್ಪ," ಎಂದರು ಭಾವ. "ಜನಕ್ಕೆ ಮಾತು ಬೇಕು. ನನಗೆ ಬರಲ್ಲ. ಅದಕ್ಕೆಲ್ಲ ನಾನು ಯಾಕೆ ಬೇಜಾರು ಮಾಡ್ಕೊಳ್ಳಿ? ಮಳೆ ಬಂದ್ರೆ ಬೇಜಾರು ಮಾಡ್ಕೋತೀವಾ?" ಆಮೇಲೆ "ತಿರುಗು" ಎಂದರು.

ಅವನು ತಿರುಗಿದ. ಭಾವನ ಬೆರಳು ಅವನ ಕಿವಿಯ ಹಿಂದೆ, ಕೂದಲು ಮುಗಿಯುವ ಗೆರೆಯ ಮೇಲೆ ಬಂದು ನಿಂತಿತು.

"ಇದು ಯಾರ ಕೈ?"

ಬಸ್ ಸ್ಟ್ಯಾಂಡಿನ ಹತ್ತಿರ ಬನ್ನಿಯಣ್ಣನ ಗೆಳೆಯನದೊಂದು ಅಂಗಡಿ ಇತ್ತು. ಕತ್ತಿ ಮಸೆಸಿ ಬರುತ್ತೇನೆ ಎಂದು ಹೇಳಿ ಹೋಗಿ, ತಿಂಗಳಿಗೊಮ್ಮೆ ಅಲ್ಲಿ ತಲೆ ಕೊಟ್ಟು ಬರುತ್ತಿದ್ದ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದೇ ಅಂದುಕೊಂಡಿದ್ದ. ತಲೆ ನೋಡುವುದೇ ಕಸುಬಾದವರ ಪಕ್ಕದಲ್ಲಿ ದಿನವಿಡೀ ನಿಂತು ತಲೆ ಮುಚ್ಚಿಡಬಹುದು ಎಂದು ನಂಬಿದ್ದನಲ್ಲ, ಅವನಂಥ ಜಾಣ ಇನ್ನೆಲ್ಲಿ ಸಿಗಬೇಕು?

"ಬಸ್ ಸ್ಟ್ಯಾಂಡಿನವನದು," ಭಾವನೇ ಉತ್ತರ ಹೇಳಿಕೊಂಡರು. "ಕಿವಿ ಹಿಂದೆ ಅವಸರ ಮಾಡ್ತಾನೆ. ಮೆಟ್ಟಿಲು ಮೆಟ್ಟಿಲು ಬಿಡ್ತಾನೆ. ತಿಂಗಳು ತಿಂಗಳೂ ನೋಡ್ತೀನಿ ನಾನು. ಬೇರೆಯವರು ನನ್ನ ಕುರ್ಚೀಲಿ ಕೂರ್ದೇ ಇದ್ರೆ ಅವರಿಷ್ಟ. ನಿನಗೆ ಕತ್ತರಿ ಹಿಡಿಸಿದ್ದು ಈ ಕೈ. ಈ ಕೈಗೆ ನೀನೇ ತಲೆ ಕೊಡಲ್ಲ ಅಂದ್ಮೇಲೆ ನಾನು ಇನ್ನು ಯಾರಿಗೆ ಕಾಯ್ಲಿ?"

"ಅಯ್ಯೋ ಭಾವ, ಹಾಗಲ್ಲ!" ಅವನು ಗಿರಕ್ಕನೆ ತಿರುಗಿದ. "ನೀವು ನಿಂತ್ಕೊಂಡು ನಾನು ಕೂತ್ಕೊಳ್ಳೋದಾ? ಗುರುಗಳನ್ನ ಹಿಂದೆ ನಿಲ್ಲಿಸ್ಕೊಂಡು ಸೇವೆ ಮಾಡಿಸ್ಕೊಳ್ಳೋದಾ? ನನ್ನ ಕೈಲಿ ಹೇಗಾಗತ್ತೆ?"

"ನಿಲ್ಲೋದು ನಮ್ಮ ಕೆಲಸ ಕಣೋ. ದಾರೀಲಿ ಹೋಗೋರ ಹಿಂದೆಲ್ಲ ನಿಂತಿದೀನಿ. ನಿನ್ನ ಹಿಂದೆ ನಿಂತ್ರೆ ಸವೆದು ಹೋಗ್ತೀನಾ?" ಭಾವ ಪೆಟ್ಟಿಗೆಯ ಮುಚ್ಚಳ ಒತ್ತಿದರು. "ಬೀದಿಗೆಲ್ಲ ಬಾಯಿ ತುಂಬ ಕರೀತೀಯ. ನಾನು ಬಂದ್ರೆ ಗೋಡೆಗೆ ಅಂಟ್ಕೋತೀಯ. ಅದನ್ನ ಗೌರವ ಅಂತೀಯೋ ಏನೋ. ನನಗಂತೂ ಅಂಟುಜಾಡ್ಯದೋನನ್ನ ಕಂಡು ದೂರ ಸರಿದ ಹಾಗೆ ಕಾಣ್ಸತ್ತೆ."

ಅಷ್ಟು ಉದ್ದ ಮಾತಾಡಿದ್ದಕ್ಕೆ ತಮಗೇ ನಾಚಿಕೆಯಾದವರ ಹಾಗೆ ಅವರು ಶಟರು ಎತ್ತಿ ಹೊರಟುಹೋದರು. ಬನ್ನಿಯಣ್ಣ ಪೊರಕೆ ಹಿಡಿದು ನಿಂತೇ ಇದ್ದ. ತಾನು ಇಷ್ಟು ದಿನ ತಲೆ ಬಾಗಿಸಿದ್ದು ಅವರ ಕಣ್ಣಿಗೆ ಮುಖ ತಿರುಗಿಸಿದ ಹಾಗೆ ಕಂಡಿತ್ತಲ್ಲ!

ಭಾನುವಾರ ಬೆಳಿಗ್ಗೆ ಎಂದರೆ ಕ್ಷೌರದಂಗಡಿಯವರಿಗೆ ಉಸಿರಾಡಲೂ ಪುರಸೊತ್ತಿಲ್ಲ. ಬೆಂಚು ತುಂಬಿತ್ತು, ಮೆಟ್ಟಿಲು ತುಂಬಿತ್ತು. ಬಾಗಿಲ ಬದಿಯ ಕುರ್ಚಿಯಲ್ಲಿ ನಿವೃತ್ತ ಡ್ರೈವರು ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಒಂದು ಕೆನ್ನೆ ಬೋಳಿಸಿಕೊಂಡು, ಇನ್ನೊಂದು ಕೆನ್ನೆ ಒಡ್ಡಿದ್ದರು. ಒಳಗಿನ ಕುರ್ಚಿ ಖಾಲಿ. ಪಕ್ಕದಲ್ಲಿ ಭಾವನ ಪೆಟ್ಟಿಗೆ, ಹಗ್ಗ ಕಟ್ಟಿ ರೆಡಿಯಾಗಿತ್ತು. ಭಾವ ಕಡೆಯ ದಿನ ಎಂದು ಬಂದು ಸುಮ್ಮನೆ ನಿಂತಿದ್ದರು.

ಬನ್ನಿಯಣ್ಣ ಕತ್ತಿ ಕೆಳಗಿಟ್ಟ.

"ಅಣ್ಣಾ, ಸ್ವಲ್ಪ ತಾಳಿ," ಎಂದು ಡ್ರೈವರಿಗೆ ಹೇಳಿ, ಕೈ ಒರೆಸಿಕೊಂಡು, ನಾಲ್ಕು ಹೆಜ್ಜೆ ನಡೆದು ಒಳಗಿನ ಕುರ್ಚಿಯಲ್ಲಿ ದೊಪ್ಪನೆ ಕೂತ. ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದುಕೊಂಡ, ಯಾರೋ ಎಬ್ಬಿಸಿಬಿಡುತ್ತಾರೆ ಎನ್ನುವ ಹಾಗೆ.

"ಭಾವ, ನನ್ನದೂ ಒಂದು ಮಾಡಿ."

ಬೆಂಚಿನ ಮೇಲೆ ಪೇಪರು ಓದುತ್ತಿದ್ದವರು ಪೇಪರು ಇಳಿಸಿದರು.

"ಕೆಲಸದ ಹೊತ್ತಲ್ಲಿ ಏನಾಟ ಇದು? ಏಳು."

"ಏಳಲ್ಲ."

"ನಿನ್ನ ಗಿರಾಕಿ ಕಾಯ್ತಿದಾರೆ."

"ನಾನೂ ಗಿರಾಕೀನೇ."

"ಲೋ!" ಆಚೆ ಕುರ್ಚಿಯಿಂದ ಡ್ರೈವರು ಕಿರುಚಿದರು. "ಅರ್ಧ ದಾರೀಲಿ ಗಾಡಿ ನಿಲ್ಸಿ ಎಲ್ಲಿಗೆ ಹೋದೆ? ಸೋಪು ಒಣಗ್ತಿದೆ!"

ಬನ್ನಿಯಣ್ಣ ಕನ್ನಡಿಯಲ್ಲಿ ಭಾವನನ್ನು ನೋಡಿದ. ನೋಡುತ್ತಲೇ ಇದ್ದ, ಈ ಸಲ ಕಣ್ಣು ತಗ್ಗಿಸಲಿಲ್ಲ. ಭಾವ ಬೇಡ ಎಂದು ಹೊರಟುಬಿಟ್ಟರೆ ಇಷ್ಟು ಜನರೆದುರು ಕೂತವನು ಎದ್ದು ಹೋಗುವುದು ಹೇಗೆ? ಭಾವ ಬಗ್ಗಿ ಪೆಟ್ಟಿಗೆಯ ಹಗ್ಗ ಬಿಚ್ಚಿದರು. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಬಿಳಿ ಬಟ್ಟೆ ಕೊಡವಿ ಅವನ ಕೊರಳಿಗೆ ಸುತ್ತಿದರು.

"ಹೇಗೆ?" ಎಂದರು.

"ನಿಮ್ಮಿಷ್ಟ ಭಾವ."

ಎರಡು ಬೆರಳು ಅವನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿದವು. ಕತ್ತರಿ ಕಿವಿಯ ಹಿಂದೆ ಹೋಯಿತು. ಬನ್ನಿಯಣ್ಣನಿಗೆ ಮಾತು ಬರಲಿಲ್ಲ, ಆದರೆ ಈ ಮೌನದಲ್ಲಿ ಹೆದರಿಕೆ ಇರಲಿಲ್ಲ. ಆ ಕೈಗಳು ಕೇಳದೆಯೇ ಎಲ್ಲಿ ನೋವಾಗುತ್ತದೆ, ಎಲ್ಲಿ ಕಚಗುಳಿಯಾಗುತ್ತದೆ ಎಂದು ತಿಳಿದಿದ್ದವು. ತಾನು ಬಾಯಲ್ಲಿ ಮಾಡುವ ಕೆಲಸವನ್ನು ಈ ಮನುಷ್ಯ ಬೆರಳಲ್ಲಿ ಮಾಡುತ್ತಿದ್ದಾರೆ ಎಂದು ಅವನಿಗೆ ಆಗಲೇ ಹೊಳೆದದ್ದು. ಯಾರಾದರೂ ಒಮ್ಮೆ ಕೂತಿದ್ದರೆ ತಾನೇ ಗೊತ್ತಾಗುವುದು?

ಸ್ವಲ್ಪ ಹೊತ್ತಿನ ಮೇಲೆ ಭಾವ ಕೆಮ್ಮಿದರು. ಏನೋ ಹೇಳಲು ಹೊರಟು ನುಂಗಿದರು. ಮತ್ತೆ ಕೆಮ್ಮಿದರು.

"ನಿನ್ನ ತಲೆಯಿಂದ ಬರೀ ಮಾತು ಉದುರತ್ತೆ ಅಂದ್ಕೊಂಡಿದ್ದೆ," ಎಂದರು. "ಕೂದಲೂ ಉದುರ್ತಿದೆ."

ಒಂದು ಕ್ಷಣ ಬೆಂಚಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಆಮೇಲೆ ಪೇಂಟರು ಎಂಥ ನಗು ನಕ್ಕನೆಂದರೆ ಮೆಟ್ಟಿಲ ಮೇಲಿದ್ದವರು ಏನಾಯಿತೆಂದು ಒಳಗೆ ಇಣುಕಿದರು. "ಬರ್ಲಿ, ಬರ್ಲಿ, ನಮ್ಮ ಸಂಘಕ್ಕೆ ಒಬ್ಬ ಸಿಕ್ಕ!" ಎಂದು ತನ್ನ ಬೋಳು ತಲೆ ತಟ್ಟಿಕೊಂಡ. ಬನ್ನಿಯಣ್ಣ ನಗುನಗುತ್ತಾ ಅಲ್ಲಾಡಿದ್ದಕ್ಕೆ ಭಾವ ಬಾಚಣಿಗೆಯಿಂದ ಅವನ ನೆತ್ತಿಗೆ ಒಂದು ಕುಟ್ಟಿದರು. "ನೆಟ್ಟಗೆ ಕೂತ್ಕೋ. ಕಿವಿ ಹೋಗತ್ತೆ." ಅವರ ಹುಬ್ಬು ಹಾಗೇ ಗಂಟಿಕ್ಕಿತ್ತು. ಕೆನ್ನೆ ಮಾತ್ರ ಮಾತು ಕೇಳುತ್ತಿರಲಿಲ್ಲ.

ಡ್ರೈವರು ಇದನ್ನೆಲ್ಲ ಒಣಗಿದ ಅರ್ಧ ಮುಖದಲ್ಲಿ ನೋಡುತ್ತಿದ್ದರು. ಕೆಲಸ ಮುಗಿದು ಬನ್ನಿಯಣ್ಣ ಎದ್ದ ಕೂಡಲೇ ಅವರೂ ಎದ್ದರು, ಕೊರಳ ಬಟ್ಟೆ ಸಮೇತ ಧಡಧಡ ನಡೆದು ಬಂದು ಒಳಗಿನ ಕುರ್ಚಿಯಲ್ಲಿ ಕೂತರು.

"ಅಣ್ಣಾ, ನಾನು ಬಂದೆ, ಅಲ್ಲೇ ಮುಗಿಸ್ತೀನಿ," ಎಂದ ಬನ್ನಿಯಣ್ಣ.

"ನೀನು ನನ್ನ ಅರ್ಧ ದಾರೀಲಿ ಇಳಿಸಿದೋನು. ಉಳಿದ ಅರ್ಧ ಈ ಗಾಡೀಲಿ ಹೋಗ್ತೀನಿ, ಹೋಗು."

ಸೋಮವಾರ ಬೆಳಿಗ್ಗೆ ಬನ್ನಿಯಣ್ಣ ಅಂಗಡಿ ತೆರೆದಾಗ ಭಾವ ಇರಲಿಲ್ಲ. ಮೇಲೆ ಅಕ್ಕನನ್ನು ಕೇಳಿದ್ದ. "ಆಸ್ಪತ್ರೆ ಕಡೆ ಹೋದ್ರು. ಏನೂ ಹೇಳ್ಲಿಲ್ಲ. ಯಾವತ್ತು ಹೇಳಿದಾರೆ?" ಎಂದು ಅವಳು ಪಾತ್ರೆ ಕುಕ್ಕಿದ್ದಳು. ಪೆಟ್ಟಿಗೆ ಅಂಗಡಿಯಲ್ಲೇ ಇತ್ತು. ಆದರೆ ಆಸ್ಪತ್ರೆಯವರು ಸಾಮಾನು ತಾವೇ ಕೊಡುತ್ತಾರೋ ಏನೋ, ಯಾರಿಗೆ ಗೊತ್ತು. ಅವನು ಪೆಟ್ಟಿಗೆಯನ್ನು ನೋಡುತ್ತಾ, ಬಾಗಿಲನ್ನು ನೋಡುತ್ತಾ, ಒಬ್ಬನ ಮೀಸೆಯನ್ನು ಒಂದು ಕಡೆ ಸ್ವಲ್ಪ ಜಾಸ್ತಿಯೇ ಕತ್ತರಿಸಿದ.

ಬೇಕರಿಯವನು ಬಂದ. ಬನ್ನಿಯಣ್ಣನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನ್ ಗುರೂ, ಮದುಮಗನ ಹಾಗಿದೀಯ! ನನಗೂ ಹೀಗೇ ಮಾಡು."

"ಇದು ನಾನು ಮಾಡಿದ್ದಲ್ಲ ಅಣ್ಣಾ. ನನ್ನ ತಲೆ ನಾನೇ ಹೇಗೆ ಮಾಡ್ಕೊಳ್ಳಿ? ಭಾವಂದು."

"ಹೌದಾ? ಮೊನ್ನೆ ನನಗೂ ಮಾಡಿದ್ರಲ್ಲ..." ಬೇಕರಿಯವನು ಕನ್ನಡಿಗೆ ಮುಖ ಕೊಟ್ಟು ತನ್ನ ಕಿವಿಯ ಹಿಂದೆ ಕೈಯಾಡಿಸಿದ. "ಚೆನ್ನಾಗೇ ಇದೆ. ನಾನು ನೋಡ್ಕೊಂಡೇ ಇರ್ಲಿಲ್ಲ. ಈ ಗಡ್ಡಾನೂ ಅವರೇ ಮಾಡ್ಲಿ ಹಾಗಾದ್ರೆ. ಎಲ್ಲಿ ಅವರು?"

ಬನ್ನಿಯಣ್ಣನ ಬಾಯಿಗೆ ಉತ್ತರ ಬರುವ ಮೊದಲೇ ಭಾವ ಬಾಗಿಲಲ್ಲಿ ಕಾಣಿಸಿದರು. ಅಂಗಿಯೆಲ್ಲ ಬೆವರು. ಬನ್ನಿಯಣ್ಣ ಗೋಡೆ ಕಡೆ ಸರಿಯಲು ಹೋದವನು ತಡೆದು, ಅವರಿಗೆ ಅಡ್ಡವಾಗಿಯೇ ನಿಂತ.

"ಎಲ್ಲಿಗೆ ಹೋಗಿದ್ರಿ ಭಾವ? ನನ್ನ ಜೀವ ಬಾಯಿಗೆ ಬಂದಿತ್ತು."

"ಆಸ್ಪತ್ರೆಗೆ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳಿ ಬಂದೆ."

"ಅಷ್ಟಕ್ಕೆ ಅಲ್ಲೀವರೆಗೆ ನಡ್ಕೊಂಡು ಹೋದ್ರಾ? ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ?"

"ಫೋನಲ್ಲಿ ಮಾತಾಡ್ಬೇಕಲ್ಲ," ಎಂದರು ಭಾವ. ಬೇಕರಿಯವನು ಆಗಲೇ ಒಳಗಿನ ಕುರ್ಚಿಯಲ್ಲಿ ಕೂತಾಗಿತ್ತು. ಅವನ ಕೊರಳಿಗೆ ಬಟ್ಟೆ ಸುತ್ತಿ, ಬ್ರಷ್ಷು ನೀರಿಗೆ ಅದ್ದಿದರು.

"ಟೀ ತರ್ಲಾ ಭಾವ?"

"ಕೇಳ್ತಾ ನಿಂತ್ಕೋಬೇಡ, ತಾ. ಇವರಿಗೂ ಒಂದು. ನಿನ್ನ ಕಡೆ ಅರ್ಧ ಮೀಸೇಲಿ ಕೂತಿದಾರಲ್ಲ, ಆ ಪುಣ್ಯಾತ್ಮರಿಗೆ ಎರಡು."